ಮಿನೊರಿಯ ವಿಳಾಸ

ನಮ್ಮೂರಿನ ಕಚೇರಿಯ ಮೂರನೇ ಕಿಟಕಿಗೆ ನಾನು ಹನ್ನೆರಡು ಸಲ ಹೋಗಿದ್ದೇನೆ, ಹನ್ನೆರಡು ಸಲವೂ ಬರಿಗೈಯಲ್ಲಿ ವಾಪಸು ಬಂದಿದ್ದೇನೆ. ವರ್ಷಕ್ಕೊಂದು ಸಲ, ಫೆಬ್ರವರಿಯಲ್ಲಿ, ಮಗಳ ಹುಟ್ಟುಹಬ್ಬದ ವಾರ. ಕಿಟಕಿಯ ಹಿಂದೆ ಕೂರುವವರು ಬದಲಾಗುತ್ತಿದ್ದರು, ಅವರ ಉತ್ತರ ಮಾತ್ರ ಅದೇ. "ದಯವಿಟ್ಟು ಕ್ಷಮಿಸಬೇಕು. ಒಕುಯಾಮಾ ಅವರ ಕೊಸೆಕಿಯನ್ನ ತಮಗೆ ಕೊಡೋಕೆ ಬರಲ್ಲ." ಹೇಳಿ ನಡು ಬಗ್ಗಿಸಿ ನಮಸ್ಕರಿಸುತ್ತಿದ್ದರು. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಅಷ್ಟು ಮರ್ಯಾದೆಯಿಂದ ಇಲ್ಲ ಅನ್ನುವವರ ಹತ್ತಿರ ಜಗಳ ಆಡುವುದು ಹೇಗೆ?

ಕೊಸೆಕಿ ಅಂದರೆ ಮನೆತನದ ದಾಖಲೆ. ಯಾರು ಹುಟ್ಟಿದರು, ಯಾರು ಯಾರನ್ನು ಕಟ್ಟಿಕೊಂಡರು, ಯಾರು ಸತ್ತರು, ಎಲ್ಲ ಅದರಲ್ಲಿ. ಇಪ್ಪತ್ತೆರಡು ವರ್ಷದ ಹಿಂದೆ ನಾನು ಫಿಲಿಪೈನ್ಸ್‌ನ ಪನಾಯ್ ದ್ವೀಪದಿಂದ ಈ ಹಿಮದ ಊರಿಗೆ ಒಕುಯಾಮಾ ತೊಕುಜಿಯ ಹೆಂಡತಿಯಾಗಿ ಬಂದೆ. ಎಂಟು ವರ್ಷದ ಮೇಲೆ ಗಂಡನ ಮನೆಯವರು ಅಡುಗೆಮನೆಯ ಮೇಜಿನ ಮೇಲೆ ಒಂದು ಹಸಿರು ಕಾಗದ ಇಟ್ಟು ಇಲ್ಲಿ ಮುದ್ರೆ ಒತ್ತು ಅಂದರು, ಒತ್ತಿದೆ. ಇಲ್ಲಿ ಗಂಡ ಹೆಂಡತಿ ಬೇರೆಯಾಗಲು ನ್ಯಾಯಾಲಯ ಬೇಕಿಲ್ಲ, ಆ ಒಂದು ಕಾಗದ ಸಾಕು. ಅದರ ನಡುವೆ ಎಲ್ಲೋ 'ಮಗು ತಂದೆಯ ಪಾಲಿಗೆ' ಎಂಬ ಸಾಲಿತ್ತು. ನನಗೆ ಆಗ ಓದಲು ಬರುತ್ತಿರಲಿಲ್ಲ. ಮಿನೊರಿಗೆ ಐದು ವರ್ಷ.

ಎರಡು ವರ್ಷ ತಿಂಗಳಿಗೊಮ್ಮೆ ಅವಳನ್ನು ನೋಡಲು ಬಿಟ್ಟರು. ಆಮೇಲೆ ತೊಕುಜಿ ಯಾಸುಯೊ ಎಂಬವಳನ್ನು ಮದುವೆಯಾಗಿ, ಮನೆಗೆ ಬೀಗ ಹಾಕಿ, ತನ್ನ ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಊರು ಬಿಟ್ಟ. ಎಲ್ಲಿಗೆ ಅಂತ ಯಾರೂ ಹೇಳಲಿಲ್ಲ. ಗೊತ್ತಿದ್ದವರೂ ಹೇಳಲಿಲ್ಲ. ನಾನು ತೋಫು ಅಂಗಡಿಯ ಮೇಲಿನ ಒಂದು ಕೋಣೆ ಹಿಡಿದೆ, ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದೆ, ಇಲ್ಲೇ ಉಳಿದೆ. ಯಾಕೆಂದರೆ ಒಕುಯಾಮಾ ಮನೆಯವರ ಸಮಾಧಿ ಈ ಊರಲ್ಲಿದೆ. ಆಗಸ್ಟ್‌ನಲ್ಲಿ ಹಿರಿಯರ ಹಬ್ಬಕ್ಕೆ ಸಮಾಧಿ ತೊಳೆಯಲು ಯಾರಾದರೂ ಬಂದೇ ಬರುತ್ತಾರೆ, ಆಗ ಮಗಳನ್ನು ನೋಡಬಹುದು ಎಂಬ ಆಸೆ. ಒಂದು ವರ್ಷ ಆ ಹಬ್ಬದ ದಿನ ಕೆಲಸ ಮುಗಿಸಿ ಓಡಿ ಹೋದಾಗ ಕಲ್ಲು ಇನ್ನೂ ಒದ್ದೆಯಿತ್ತು, ಹೂವು ಬಾಡಿರಲಿಲ್ಲ. ಒಂದು ಗಂಟೆಯ ಅಂತರದಲ್ಲಿ ಅವರು ಕೈತಪ್ಪಿ ಹೋದರು. ಆ ಕಲ್ಲಿನ ಮುಂದೆ ಕೂತು ಅತ್ತಿದ್ದೇನೆ, ನಾಚಿಕೆ ಯಾಕೆ. ಅದಾದ ಮೇಲೆ ಆಗಸ್ಟ್‌ನಲ್ಲಿ ಊರು ಬಿಟ್ಟು ಅಲ್ಲಾಡಲಿಲ್ಲ. ನನ್ನ ಅಮ್ಮ ತೀರಿಕೊಂಡದ್ದು ಒಂದು ಆಗಸ್ಟ್ ತಿಂಗಳಲ್ಲೇ. ನಾನು ಮಣ್ಣಿಗೂ ಹೋಗಲಿಲ್ಲ.

ಈ ಫೆಬ್ರವರಿಯಲ್ಲಿ ಹನ್ನೆರಡನೆಯ ಸಲ ಇಲ್ಲ ಅನ್ನಿಸಿಕೊಂಡು ಬಂದ ಮಾರನೆಯ ದಿನ ವೃದ್ಧಾಶ್ರಮದಲ್ಲಿ ಸ್ನಾನದ ಸರದಿ. ಕಿನು ಅಜ್ಜಿಯ ಬೆನ್ನು ಉಜ್ಜುತ್ತಿದ್ದೆ. ಅಜ್ಜಿಗೆ ತೊಂಬತ್ತೊಂದು. ಕಾಲು ಸೋತಿವೆ, ನಾಲಿಗೆ ಸೋತಿಲ್ಲ.

"ಏನೇ ನೆನಿತಾ, ಕೈ ಯಾಕೆ ಇಷ್ಟು ಬಿರುಸು? ನನ್ನ ಬೆನ್ನೇನು ಮೂಲಂಗಿ ಅಂದ್ಕೊಂಡ್ಯಾ?"

"ತಪ್ಪಾಯ್ತು ಅಜ್ಜಿ. ನಿನ್ನೆ ಕಚೇರಿಗೆ ಹೋಗಿದ್ದೆ. ಮಿನೊರಿ ಎಲ್ಲಿದ್ದಾಳೆ ಅಂತ ನೋಡೋಕೆ ಕೊಸೆಕಿ ಕೇಳಿದ್ರೆ ಮೂರನೇ ಕಿಟಕೀಲಿ ಹನ್ನೆರಡನೇ ಸಲ ಇಲ್ಲ ಅಂದ್ರು."

"ಮೂರನೇ ಕಿಟಕಿನಾ? ಅದು ನನ್ನ ಕಿಟಕಿ ಕಣೆ!"

ಆರು ವರ್ಷದಿಂದ ಇವರಿಗೆ ಸ್ನಾನ ಮಾಡಿಸುತ್ತಿದ್ದೇನೆ. ಕಚೇರಿಯಲ್ಲಿ ಕೆಲಸಕ್ಕಿದ್ದರು ಅಂತ ಗೊತ್ತಿತ್ತು. ಮೂವತ್ತನಾಲ್ಕು ವರ್ಷ ಊರಿನ ಕೊಸೆಕಿಯನ್ನೆಲ್ಲ ಕೈಯಾರೆ ಬರೆದವರು ಇವರೇ ಅಂತ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಪಕ್ಕದಲ್ಲೇ ಬಾವಿ ಇಟ್ಟುಕೊಂಡು ಊರೆಲ್ಲ ನೀರು ಹುಡುಕಿದ ಹಾಗಾಯಿತು ನನ್ನ ಕತೆ.

"ಅರ್ಜೀಲಿ ಸಂಬಂಧ ಅಂತ ಒಂದು ಖಾನೆ ಇರುತ್ತಲ್ಲ. ಏನಂತ ಬರ್ದೆ?" ಅಂದರು ಅಜ್ಜಿ.

"ಮಾಜಿ ಹೆಂಡತಿ ಅಂತ."

"ಹನ್ನೆರಡು ಸಲಾನೂ?"

"ಮತ್ತೇನು ಬರೀಲಿ? ಅದೇ ತಾನೇ ನಾನು?"

ಅಜ್ಜಿ ಎಷ್ಟು ನಕ್ಕರೆಂದರೆ ಸ್ಟೂಲಿನಿಂದ ಜಾರದ ಹಾಗೆ ಹಿಡಿದುಕೊಳ್ಳಬೇಕಾಯಿತು. "ಅಯ್ಯೋ ಪೆದ್ದಿ! ಮಾಜಿ ಹೆಂಡತಿ ಅಂದ್ರೆ ದಾರೀಲಿ ಹೋಗೋಳು ಕಣೆ. ನಮ್ಮ ಹೆಂಗಸರಾದ್ರೆ ಬೇರೆ ಆದಾಗ ಹೆಸರಿನ ಮೇಲೆ ಅಡ್ಡಗೆರೆ ಎಳೀತಿದ್ವಿ. ನಾನೇ ಎಷ್ಟು ಎಳೆದಿಲ್ಲ, ಅಡಿಪಟ್ಟಿ ಇಟ್ಕೊಂಡು. ಗೆರೆ ಎಳಿಯೋಕಾದ್ರೂ ಅಲ್ಲಿ ಹೆಸರಿಗೆ ಅಂತ ಜಾಗ ಬೇಕಲ್ಲ? ಪರದೇಶದೋಳಿಗೆ ಅದೂ ಇಲ್ಲ."

"ನಗಬೇಡಿ ಅಜ್ಜಿ."

"ನಗದೆ ಏನು ಮಾಡ್ಲಿ? ಗಂಡ ಬಿಟ್ಟ, ಸರಿ. ಮಿನೊರಿಗೆ ನೀನೇನು?"

"ತಾಯಿ."

"ಅದನ್ನ ಬರಿ! ಮಗೀನ ದಾಖಲೆ ಕೊಡಿ, ನಾನು ತಾಯಿ ಅನ್ನು. ಯಾವನಿಗೂ ಇಲ್ಲ ಅನ್ನೋಕಾಗಲ್ಲ. ಆ ಕಾಗದಕ್ಕೆ ಒಂದು ಬಾಲ ಇದೆ, ಅದನ್ನೂ ಬಿಡದೆ ಕೇಳು. ಯಾವ ದಿನದಿಂದ ಯಾವ ಊರಲ್ಲಿ, ಯಾವ ಮನೇಲಿ ಇದ್ದಾರೆ ಅಂತ ಸಾಲಾಗಿ ಅದ್ರಲ್ಲಿರುತ್ತೆ."

ನಾನು ಅವರ ಮೇಲೆ ಬಿಸಿನೀರು ಸುರಿದೆ. ಹನ್ನೆರಡು ವರ್ಷ. ಏಳರ ಮಗು ಹತ್ತೊಂಬತ್ತರ ಹುಡುಗಿಯಾಗುವಷ್ಟು ಕಾಲ. ಒಂದು ಖಾನೆಯಲ್ಲಿ ಒಂದು ಪದ ಬೇರೆ ಬರೆದಿದ್ದರೆ ಸಾಕಿತ್ತು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಮೊದಲೇ ನಿಂತಿದ್ದೆ. ಕಿಟಕಿಯಲ್ಲಿ ಮೊನ್ನೆ ಇದ್ದ ಅದೇ ಗುಮಾಸ್ತ, ಸುದೊ. ಅರ್ಜಿ ನೋಡಿದ, ನನ್ನ ಗುರುತಿನ ಚೀಟಿ ನೋಡಿದ, ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದ. ಇಪ್ಪತ್ತು ನಿಮಿಷಕ್ಕೆ ದಾಖಲೆ, ಅದರ ಬಾಲ, ಎರಡೂ ಕಾಗದ ಕೈಗೆ ಬಂದವು.

"ಮೊನ್ನೆ ಇದೇ ಕಾಗದ ಕೇಳಿದ್ದೆನಲ್ಲಪ್ಪ. ಹೀಗೆ ಬರೀರಿ ಅಂತ ಒಂದು ಮಾತು ಹೇಳಬಹುದಿತ್ತಲ್ಲ?" ಅಂದೆ.

"ಮೊನ್ನೆ ತಾವು ಒಕುಯಾಮಾ ಅವರ ದಾಖಲೆ ಕೇಳಿದ್ರಿ. ಇವತ್ತು ಮಗಳ ದಾಖಲೆ ಕೇಳಿದ್ದೀರಿ," ಅಂದ ಸುದೊ.

"ಎರಡೂ ಒಂದೇ ಹಾಳೆ!"

"ಹೌದು, ಒಂದೇ ಹಾಳೆ. ದಯವಿಟ್ಟು ಕ್ಷಮಿಸಬೇಕು." ಬಗ್ಗಿದ. ಅವನ ನೆತ್ತಿ ನೋಡುತ್ತಾ ಇವನಿಗೆ ಏನು ಹೇಳಿ ಏನು ಪ್ರಯೋಜನ ಅಂದುಕೊಂಡು ಹೊರಗೆ ಬಂದೆ.

ಲಕೋಟೆ ತೆರೆಯಲಿಲ್ಲ. ರೋಗಿಗಳ ಚೀಟಿ ಓದುವಷ್ಟು ಅಕ್ಷರ ಈಗ ಬರುತ್ತದೆ, ಆದರೆ ಕಚೇರಿಯ ಬರವಣಿಗೆ ಬೇರೆಯೇ. ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಮಿನೊರಿ ಇಲ್ಲವೇ ಇಲ್ಲ ಅಂತ ಬರೆದಿದ್ದರೆ? ಅದೂ ಆ ಕಾಗದದಲ್ಲೇ ತಾನೇ ಇರುವುದು? ಮಧ್ಯಾಹ್ನದ ಊಟ ಮುಗಿದ ಮೇಲೆ ಅಜ್ಜಿಯ ಗಾಲಿಕುರ್ಚಿಯನ್ನು ಕಿಟಕಿ ಪಕ್ಕ ನಿಲ್ಲಿಸಿ ಲಕೋಟೆಯನ್ನು ಅವರ ಮಡಿಲಲ್ಲಿಟ್ಟೆ. "ಮೊದಲು ಬದುಕಿದ್ದಾಳಾ ಅಂತ ನೋಡಿ," ಅಂದೆ.

ಅಜ್ಜಿ ಕನ್ನಡಕ ಹಾಕಿಕೊಂಡು ಹಾಳೆಯ ಕೆಳಗೆ ಕಣ್ಣಾಡಿಸಿದರು. "ಇದ್ದಾಳೆ. ಮದುವೇನೂ ಆಗಿಲ್ಲ. ಉಸಿರು ಬಿಡು." ಆಮೇಲೆ ಬೆನ್ನು ನೆಟ್ಟಗೆ ಮಾಡಿ ಓದತೊಡಗಿದರು. ಅದು ಅವರ ದನಿಯೇ ಅಲ್ಲ, ಕಿಟಕಿಯ ಹಿಂದಿನ ದನಿ. ತೊಕುಜಿಯ ಖಾನೆಯಲ್ಲಿ ನಾನು ಒಂದೂವರೆ ಸಾಲು: ಫಿಲಿಪೈನ್ಸ್ ಗಣರಾಜ್ಯದ ಪ್ರಜೆ, ಹೆಸರು, ಹುಟ್ಟಿದ ದಿನ, ವಿವಾಹ, ವಿಚ್ಛೇದನ. ಆಮೇಲೆ ಯಾಸುಯೊ. ಆಮೇಲೆ ಮಿನೊರಿ.

"ತಂದೆ, ಒಕುಯಾಮಾ ತೊಕುಜಿ. ತಾಯಿ..." ಅಜ್ಜಿ ತಲೆಯೆತ್ತಿ ನನ್ನನ್ನು ನೋಡಿ ನನ್ನ ಹೆಸರು ಪೂರ್ತಿ ಓದಿದರು. "ಸಾಕುತಾಯಿ, ಯಾಸುಯೊ."

"ತಾಯಿ ಅಂತ ಇರೋದನ್ನ ಇನ್ನೊಂದು ಸಲ ಓದಿ ಅಜ್ಜಿ."

ಓದಿದರು. ಮೂರನೆಯ ಸಲ ನಾನು ಕೇಳದೆಯೇ ಓದಿದರು.

ಆಮೇಲೆ ಬಾಲ. ಮೊದಲ ಸಾಲು ನಮ್ಮೂರಿನ ಹಳೆಯ ಮನೆ. ಎರಡನೆಯದು ಸೈತಾಮಾದ ಕಾವಾಗುಚಿ. ಮೂರನೆಯದೂ ಅಲ್ಲೇ, ಇನ್ನೊಂದು ಮನೆ. ನಾಲ್ಕನೆಯದಕ್ಕೆ ಅಜ್ಜಿ ನಿಂತುಬಿಟ್ಟರು. ಕಾಗದವನ್ನು ನನ್ನ ಕಡೆ ತಿರುಗಿಸಿ, "ಇದು ನಿನಗೆ ಓದೋಕೆ ಬರುತ್ತೆ," ಅಂದರು.

ಬರುತ್ತಿತ್ತು. ಫಿಲಿಪೈನ್ಸ್ ಗಣರಾಜ್ಯ. ಕಳೆದ ವರ್ಷದ ಏಪ್ರಿಲ್ ಹದಿನೇಳು. ಅಷ್ಟೇ. ಊರಿಲ್ಲ, ಬೀದಿಯಿಲ್ಲ, ಮನೆಯ ಸಂಖ್ಯೆಯಿಲ್ಲ.

"ಕೆಲಸಕ್ಕೆ ಹೋಗಿರಬೇಕು," ಅಂದೆ.

"ಹದಿನೆಂಟು ತುಂಬಿದ್ದು ಯಾವಾಗ?"

"ಹೋದ ವರ್ಷ ಫೆಬ್ರವರೀಲಿ."

"ಹದಿನೆಂಟಾದ್ರೆ ದೊಡ್ಡೋಳು, ಅಪ್ಪನ ಅಪ್ಪಣೆ ಕೇಳ್ಬೇಕಿಲ್ಲ. ಫೆಬ್ರವರೀಲಿ ಹದಿನೆಂಟು, ಏಪ್ರಿಲ್‌ನಲ್ಲಿ ಪ್ರಯಾಣ. ಪಾಸ್‌ಪೋರ್ಟ್‌ಗೆ ಈ ಕಾಗದ ಬೇಕೇ ಬೇಕು. ತೆಗೆಸಿದ್ದಾಳೆ, ಓದಿದ್ದಾಳೆ." ಅಜ್ಜಿಯ ಬೆರಳು ತಾಯಿ ಎಂಬಲ್ಲಿಂದ ಮೇಲಕ್ಕೆ ಹೋಗಿ ತೊಕುಜಿಯ ಖಾನೆಯಲ್ಲಿ ನಿಂತಿತು. "ನಿನ್ನ ವಿಷಯ ಅವಳಿಗೆ ಇಲ್ಲಿ ಸಿಕ್ಕಿರೋದು ಇಷ್ಟೇ. ಹೆಸರು, ಹುಟ್ಟಿದ ದಿನ, ದೇಶ. ಅಮ್ಮ ಅವಳ ದೇಶಕ್ಕೆ ವಾಪಸು ಹೋದ್ಳು ಅಂತ ಮನೇಲಿ ಹೇಳಿರ್ತಾರೆ, ನಿನ್ನನ್ನ ಹುಡುಕ್ಕೊಂಡು ಹೋಗಿದ್ದಾಳೆ."

"ನನ್ನ ಬಾಲ ಎಲ್ಲಿ? ನಾನು ಎಲ್ಲಿದ್ದೀನಿ ಅಂತ ಯಾವ ಕಾಗದದಲ್ಲಿದೆ?"

"ನಿನಗೆ ಬಾಲ ಇಲ್ಲ ನೆನಿತಾ. ನಮ್ಮೋರಿಗಷ್ಟೇ ಅದು."

"ಈ ಕಾಗದ ತೆಗೆಸೋಕೆ ಅವಳು ನಮ್ಮೂರಿಗೆ ಬರಬೇಕಲ್ವಾ? ಹಾಗಾದ್ರೆ ಬಂದಿದ್ಳಾ?"

"ಮುಂಚೆ ಆಗಿದ್ರೆ ಇಲ್ಲಿಗೆ ಬರಬೇಕಿತ್ತು, ಇಲ್ಲಾ ಟಪಾಲಲ್ಲಿ ತರಿಸಬೇಕಿತ್ತು. ಹೋದ ವರ್ಷ ಮಾರ್ಚಿಂದ ಯಾವೂರ ಕಿಟಕೀಲಿ ಕೇಳಿದ್ರೂ ಕೊಡ್ತಾರಂತೆ. ಪೇಪರ್‌ನಲ್ಲಿ ಓದಿದೆ," ಅಂದರು ಅಜ್ಜಿ.

ನನಗೆ ಬಂದ ಸಿಟ್ಟು ಯಾರ ಮೇಲೆ ಅಂತ ಹೇಳಲಿ? ಹನ್ನೆರಡು ವರ್ಷದಿಂದ ಒಂದೇ ಕೋಣೆಯಲ್ಲಿದ್ದೇನೆ. ಕರೆಂಟು ಬಿಲ್ಲು ನನ್ನ ಹೆಸರಿಗೆ ಬರುತ್ತದೆ, ಮನೆ ಮುಂದಿನ ಹಿಮವನ್ನು ನಾನೇ ಎತ್ತಿ ಹಾಕುತ್ತೇನೆ, ಕಸ ಹಾಕುವ ದಿನ ತಪ್ಪಿದರೆ ಊರವರು ಬಾಗಿಲು ತಟ್ಟಿ ಬೈಯುತ್ತಾರೆ. ನಾನು ಎಲ್ಲಿದ್ದೇನೆ ಅಂತ ನಾಯಿಗಳಿಗೂ ಗೊತ್ತು. ಅದೊಂದು ಸಾಲು ಆ ಹಾಳೆಯಲ್ಲಿದ್ದಿದ್ದರೆ ನನ್ನ ಮಗಳು ರೈಲು ಹತ್ತಿ ಮಧ್ಯಾಹ್ನದೊಳಗೆ ನನ್ನ ಬಾಗಿಲಿಗೆ ಬರುತ್ತಿದ್ದಳು. ಬದಲಿಗೆ ದೇಶದ ಹೆಸರನ್ನೇ ವಿಳಾಸ ಅಂದುಕೊಂಡು ಕಡಲು ದಾಟಿದ್ದಾಳೆ. ನಾನು ಅಲ್ಲಿ ಅಮ್ಮನ ಮಣ್ಣಿಗೂ ಹೋಗದೆ ಇಲ್ಲಿ ಕಲ್ಲು ಕಾಯುತ್ತಾ ಕೂತಿದ್ದೆ.

ವಿರಾಮದಲ್ಲಿ ಪನಾಯ್‌ಗೆ, ಅಕ್ಕ ಲೂಸ್‌ಗೆ ಫೋನ್ ಮಾಡಿದೆ. ವಿಷಯವೆಲ್ಲ ಹೇಳಿದೆ.

"ಇಲ್ಲಿಗೆ ಯಾರೂ ಬಂದಿಲ್ಲ ಕಣೆ," ಅಂದಳು ಅಕ್ಕ. "ಬರೋದಾದ್ರೂ ಹೇಗೆ? ಆ ಕಾಗದದಲ್ಲಿ ನಮ್ಮೂರ ಹೆಸರಿದೆಯಾ?"

"ಇಲ್ಲ."

"ಮತ್ತೆ? ನಿನ್ನ ಹೆಸರಿನೋರು ನಮ್ಮ ಬೀದೀಲೇ ಮೂರು ಜನ ಇದ್ದಾರೆ." ಆಮೇಲೆ ಅಕ್ಕ ಕೇಳಿದಳು, "ನೋಡೋಕೆ ಹೇಗಿದ್ದಾಳೆ? ಹೇಳು, ಚರ್ಚಿನಲ್ಲಿ ಎಲ್ಲರಿಗೂ ಹೇಳಿಡ್ತೀನಿ."

ನಾನು ಕೊನೆಯ ಸಲ ನೋಡಿದಾಗ ಅವಳಿಗೆ ಏಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಕೆಂಪು ಬೂಟು ಹಾಕಿದ್ದಳು. ನನಗೆ ಗೊತ್ತಿರುವುದು ಅಷ್ಟೇ. ಹೇಳಲು ಹೋಗಿ ಫೋನ್ ಇಟ್ಟುಬಿಟ್ಟೆ.

ಸಂಜೆ ಚಹಾ ಕೊಡಲು ಹೋದಾಗ ಅಜ್ಜಿ ಕಾಗದವನ್ನು ಇನ್ನೂ ಮಡಿಲಲ್ಲೇ ಇಟ್ಟುಕೊಂಡಿದ್ದರು.

"ನಿಮ್ಮ ದೇಶದಲ್ಲಿ ಎಷ್ಟು ಜನ ಇದ್ದಾರೆ?"

"ಹನ್ನೊಂದು ಕೋಟಿ."

"ಅಬ್ಬ! ಒಬ್ಬೊಬ್ಬರನ್ನೇ ಕೇಳ್ಕೊಂಡು ಹೋಗ್ತಿದ್ದಾಳೋ ಏನೋ ಪಾಪ. ಹೊರಡು ನೀನು."

"ನಾನು ಅಲ್ಲಿಗೆ ಹೋದಾಗ ಅವಳು ಇಲ್ಲಿಗೆ ಬಂದ್ರೆ?" ಎಷ್ಟೋ ವರ್ಷದಿಂದ ನನ್ನನ್ನು ಕಟ್ಟಿಹಾಕಿದ್ದ ಮಾತು ಅದು. ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

"ಬರ್ಲಿ. ನಾನಿದ್ದೀನಲ್ಲ. ಕೂರಿಸಿ ಚಹಾ ಕೊಡಿಸ್ತೀನಿ, ನಿಮ್ಮಮ್ಮ ಹನ್ನೆರಡು ಸಲ ಏನು ಮಾಡಿದ್ಳು ಅಂತ ಹೇಳಿ ನಗಿಸ್ತೀನಿ."

"ನಿಮಗೆ ತೊಂಬತ್ತೊಂದು ಅಜ್ಜಿ."

"ಅದಕ್ಕೇ ಹೇಳ್ತಿರೋದು ಬೇಗ ಹೋಗು ಅಂತ."

ನಕ್ಕೆ, ಮತ್ತೆ ಅತ್ತೆ. ಅಜ್ಜಿ ತಮ್ಮ ತೋಳಿನಿಂದಲೇ ನನ್ನ ಮುಖ ಒರೆಸಿದರು.

ಬರುವ ಗುರುವಾರಕ್ಕೆ ಟಿಕೆಟ್ ತೆಗೆದಿದ್ದೇನೆ. ವಿಮಾನ ಮನಿಲಾದಲ್ಲಿ ಇಳಿಸುತ್ತದೆ. ಇಪ್ಪತ್ತೆರಡು ವರ್ಷದ ಮೇಲೆ ನನ್ನ ದೇಶಕ್ಕೆ ಹೋಗುತ್ತಿದ್ದೇನೆ, ಆದರೆ ನಿಲ್ದಾಣದ ಬಾಗಿಲು ದಾಟಿದ ಮೇಲೆ ಎಡಕ್ಕೋ ಬಲಕ್ಕೋ ನನಗೆ ಗೊತ್ತಿಲ್ಲ. ಕಳೆದ ಏಪ್ರಿಲ್‌ನಲ್ಲಿ ಅದೇ ಬಾಗಿಲಲ್ಲಿ ನಿಂತ ಅವಳಿಗೂ ಗೊತ್ತಿರಲಿಲ್ಲ.