ಹೆಬ್ಬೆಟ್ಟಿನ ಪಂಚನಾಮೆ

ಭಾನುವಾರದ ಬೆಳಗು ಮುಧೋಳದ ಮುರಗೆಪ್ಪನ ಮಾಳಿಗೆಯ ಮೇಲೆ ಹಸಿರು ಜಾಳಿಗೆಯ ಕಣ್ಣುಗಳಿಂದ ಸೋಸಿ ಇಳಿಯುತ್ತಿತ್ತು. ಅದರಡಿ ಸಾಲಾಗಿ ಕುಳಿತ ಕುಂಡಗಳಲ್ಲಿ ಹುಳ ತಿನ್ನುವ ಗಿಡಗಳು. ಕೆಲವು ಹೂಜಿಗಳಂತೆ ಜೋತುಬಿದ್ದಿದ್ದವು. ಕೆಲವು ಎಲೆಯ ತುಂಬ ಇಬ್ಬನಿಯಂಥ ಅಂಟು ಹೊತ್ತಿದ್ದವು. ಕೆಲವು ಹಲ್ಲಿನ ಬಾಯಿ ತೆರೆದು ನೊಣದ ದಾರಿ ಕಾಯುತ್ತಿದ್ದವು. ವಾರವಿಡೀ ತನ್ನ ಅಂಗಡಿಯಲ್ಲಿ ಕುಳಿತು ರೈತರಿಗೆ ಹುಳ ಕೊಲ್ಲುವ ಔಷಧಿ ಮಾರುವ ಮನುಷ್ಯ, ರಜೆಯ ದಿನ ಹುಳವನ್ನೇ ಉಣ್ಣುವ ಗಿಡಗಳ ನಡುವೆ ಕುರ್ಚಿ ಹಾಕಿಕೊಂಡು ಕೂರುವುದರಲ್ಲಿ ನಗುವಂಥದ್ದೇನೂ ಮುರಗೆಪ್ಪನಿಗೆ ಕಂಡಿರಲಿಲ್ಲ. ಯಾವುದಕ್ಕೆ ನಗಬೇಕು ಎಂಬುದರಲ್ಲಿ ಅವನಿಗೆ ಅವನದೇ ಆಯ್ಕೆಯಿತ್ತು.

ಅಗ್ಗದ ಇಂಟರ್ನೆಟ್ಟು ಊರೂರಿಗೆ ಹರಿದುಬಂದ ಕಾಲದಲ್ಲಿ ಅವನು ಫೋನಿನಲ್ಲಿ ಒಂದು ಬಳಗ ಕಟ್ಟಿದ್ದ. ಹೆಸರು ‘ಕೀಟಾಹಾರಿ ಸಸ್ಯಬಂಧುಗಳು’. ಮೊದಮೊದಲು ಅದು ಹೆಸರಿಗೆ ತಕ್ಕ ಹಾಗೆಯೇ ಇತ್ತು. ಜಮಖಂಡಿಯವರೊಬ್ಬರು ಸಸಿ ಬೇಕೆಂದರೆ ಮುರಗೆಪ್ಪ ಒದ್ದೆ ಅರಿವೆಯಲ್ಲಿ ಸುತ್ತಿ, ಬಸ್ಸಿನ ಕಂಡಕ್ಟರನ ಕೈಗಿತ್ತು, ‘ಗಾಳಿಗೆ ಹಿಡೀಬ್ಯಾಡಪಾ’ ಎಂದು ಹೇಳಿ ಕಳಿಸುತ್ತಿದ್ದ. ಆಮೇಲೆ ಬಂಧುಗಳು ಹೆಚ್ಚಿದರು. ಬಂಧುಗಳು ಹೆಚ್ಚಿದಂತೆ ತಪ್ಪುಗಳು ಹೆಚ್ಚಿದವು. ಬೋರಿನ ಸವಳು ನೀರು ಹಾಕಿ ಕೊಂದವರು, ಸಕ್ಕರೆಯಂಥ ಯೂರಿಯಾ ಗೊಬ್ಬರ ಹಾಕಿ ಕೊಂದವರು, ಗಿಡದ ಬಾಯಿಗೆ ಬದನೆಕಾಯಿ ಭಜ್ಜಿ ತುರುಕಿ ಕೊಂದವರು. ಹೇಳಿ ಹೇಳಿ ಬೇಸತ್ತ ಮುರಗೆಪ್ಪ ಒಂದು ಹೊಸ ಪದ್ಧತಿ ಹುಟ್ಟುಹಾಕಿದ. ಪ್ರತಿ ಭಾನುವಾರ ಒಂದು ಸತ್ತ ಗಿಡದ ಚಿತ್ರವನ್ನು ಎತ್ತಿಕೊಂಡು, ಪೊಲೀಸರ ಭಾಷೆಯಲ್ಲಿ ಅದರ ಪಂಚನಾಮೆ ಬರೆಯುವುದು. ಪಂಚರು ಹೆಬ್ಬೆಟ್ಟಿನ ಗುರುತು ಒತ್ತಬೇಕು. ಫೋನಿನಲ್ಲಿ ಹೆಬ್ಬೆಟ್ಟಿಗೇನು ಬರವೇ? ಹಳದಿ ಹೆಬ್ಬೆಟ್ಟುಗಳು ಮಿಡತೆಯ ಹಿಂಡಿನಂತೆ ಬಂದು ಇಳಿಯುತ್ತಿದ್ದವು. ಬೇರೆ ದಿನ ಒಂದಕ್ಷರ ಬರೆಯಲಾರದವರೂ ಭಾನುವಾರ ತಪ್ಪದೆ ಪಂಚರಾಗುತ್ತಿದ್ದರು. ನೆರೆಯವನ ಮನೆಯ ಹೆಣಕ್ಕೆ ಸಾಕ್ಷಿಯಾಗಲು ಇಷ್ಟೊಂದು ಉತ್ಸಾಹವಿರುವ ಜನ, ಬದುಕಿದ್ದಾಗ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಆ ಭಾನುವಾರ ತೇರದಾಳದಿಂದ ಶೈಲಾ ಎಂಬ ಹೆಣ್ಣುಮಗಳ ಸಂದೇಶ, ಬಳಗಕ್ಕಲ್ಲ, ನೇರ ಮುರಗೆಪ್ಪನ ನಂಬರಿಗೆ ಬಂದಿತ್ತು. ಜೊತೆಗೆ ಎಲೆಗಳು ಕಪ್ಪಾಗಿ ಮುದುಡಿದ, ಹಲ್ಲಿನ ಬಾಯಿಯ ನೊಣದ ಗಿಡದ ಒಂದು ಚಿತ್ರ.

‘ಸರ್, ನಮಸ್ಕಾರ. ಗಿಡದ ಎಲಿ ಕರ್ರಗಾಗಾಕತ್ತಾವ. ನಮ್ಮ ಅತ್ತಿಯವರು ಮೊದಲ ಮಾಂಸ ತಿನ್ನೂ ಗಿಡ ನಮ್ಮ ಮನಿಯಾಗ ಬ್ಯಾಡ ಅಂತಿದ್ರು. ಈಗ ಅವರ ಮನಸ್ಸು ಕರಗೇತಿ. ದಿನಾ ಲಿಂಗಕ್ಕ ಎರದ ನೀರು ತಾವ ತಂದು ಇದಕ್ಕ ಹಾಕತಾರ. ಅದರಾಗ ಈಬತ್ತಿ ಇರತೈತಿ. ಅವರ ಮನಸ್ಸು ನೋಯದಂಗ ಅದನ್ನ ಹೆಂಗ ಬಿಡಸ್ಲಿ?’

ಲಿಂಗಪೂಜೆಯ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲದೆ ಗಿಡದ ಬುಡಕ್ಕೆ ಎರೆಯುವುದು ಮುರಗೆಪ್ಪನ ಮನೆಯಲ್ಲೂ ಇದ್ದ ಪದ್ಧತಿ. ಆ ನೀರಿನಲ್ಲಿ ಕರಗಿದ ವಿಭೂತಿ ಈ ಜಾತಿಯ ಗಿಡದ ಬೇರಿಗೆ ವಿಷವೆಂಬುದೂ ಅವನಿಗೆ ಗೊತ್ತಿತ್ತು. ಮಣ್ಣು ಬದಲಿಸಿರಿ, ಮಳೆನೀರು ಹಾಕಿರಿ ಎಂದರೆ ಮುಗಿಯುತ್ತಿತ್ತು. ಆದರೆ ಅಂಥ ಉತ್ತರಕ್ಕೆ ಹೆಬ್ಬೆಟ್ಟುಗಳು ಬರುವುದಿಲ್ಲ. ಅವನು ಶೈಲಾಳ ಮಾತುಗಳನ್ನು ಬದಿಗಿಟ್ಟು, ಚಿತ್ರವನ್ನಷ್ಟೇ ಎತ್ತಿಕೊಂಡು ಬರೆದ:

‘ಪಂಚನಾಮೆ. ಮೃತಳು: ನೊಣದ ಗಿಡ, ವಾಸ ತೇರದಾಳ. ಮರಣದ ಕಾರಣ: ಅತಿಭಕ್ತಿ. ಸದರಿ ಮೃತಳು ಅತ್ತೆಯವರ ಕೈಯಿಂದ ಪ್ರತಿದಿನ ಲಿಂಗದ ನೀರು ಸೇವಿಸಿ, ಮಾಂಸಾಹಾರವನ್ನು ಶಾಶ್ವತವಾಗಿ ತ್ಯಜಿಸಿ, ಲಿಂಗೈಕ್ಯಳಾಗಿರುತ್ತಾಳೆ. ಮೊದಲ ಆರೋಪಿ ಅತ್ತೆ, ಎರಡನೆಯ ಆರೋಪಿ ಸೊಸೆ. ಪಂಚರು ಹೆಬ್ಬೆಟ್ಟು ಒತ್ತತಕ್ಕದ್ದು.’

ಒತ್ತಿದರು. ಬಳಗದ ಇತಿಹಾಸದಲ್ಲೇ ಅಷ್ಟು ಹೆಬ್ಬೆಟ್ಟುಗಳು ಬಿದ್ದಿರಲಿಲ್ಲ. ಒಬ್ಬ ‘ಗಿಡಕ್ಕೆ ದೀಕ್ಷೆ ಕೊಟ್ಟ ಸ್ವಾಮಿಗಳು ಯಾರು?’ ಎಂದ. ಇನ್ನೊಬ್ಬ ಅದನ್ನೆತ್ತಿ ಬೇರೊಂದು ಬಳಗಕ್ಕೆ ದಾಟಿಸಿದ. ಮುರಗೆಪ್ಪ ಚಹಾದ ಕಪ್ಪು ಎತ್ತಿಕೊಂಡು, ತನ್ನ ಗದ್ಯವನ್ನು ತಾನೇ ಮತ್ತೊಮ್ಮೆ ಓದಿ ಸವಿದ. ಶೈಲಾ ಬಳಗ ಬಿಟ್ಟು ಹೋದಳೆಂದು ಪರದೆಯ ಮೇಲೆ ಮೂಡಿದ ಸಣ್ಣ ಸಾಲು ನಗುಮುಖಗಳ ನಡುವೆ ಯಾರ ಕಣ್ಣಿಗೂ ಬೀಳಲಿಲ್ಲ.

ವಾರ ಕಳೆದಿರಲಿಲ್ಲ. ಮುರಗೆಪ್ಪ ಊಟಕ್ಕೆ ಕುಳಿತಿದ್ದಾಗ ಅವನ ಹೆಂಡತಿ ಶಿವವ್ವ ರೊಟ್ಟಿಯ ಬದಲು ಒಂದು ತಂಬಿಗೆಯನ್ನು ತಂದು ತಾಟಿನ ಪಕ್ಕಕ್ಕೆ ಕುಕ್ಕಿದಳು.

“ಲಿಂಗದ ನೀರು ಐತಿ. ಎಲ್ಲಿ ಚೆಲ್ಲಲಿ? ಪಂಚನಾಮಿ ಮಾಡಿ ಹೇಳ್ರಿ.”

“ಏನಾಗೇತಿ ನಿನಗ?”

“ನನಗೇನ ಆಗೂದೈತಿ! ಆಗಿದ್ದು ತೇರದಾಳದಾಗ. ನನ್ನ ತವರಮನಿ ಓಣಿಯಾಗ. ಆ ಶೈಲಾನ ಅತ್ತಿ ಕೆಂಪವ್ವಕ್ಕ ಹಿಟ್ಟಿನ ಗಿರಣಿಗೆ ಜೋಳ ಹೊತಗೊಂಡು ಹೋದ್ರ, ಅಲ್ಲಿದ್ದ ಹುಡುಗೂರು ‘ಆಯಿ, ನಿಮ್ಮ ಮ್ಯಾಲ ಖೂನಿ ಕೇಸ ಆಗೇತಿ’ ಅಂತ ಮೊಬೈಲ್ ತಗದು ಓದಿ ತೋರಿಸ್ಯಾರ. ಗಿರಣಿ ಮಂದಿ ಎಲ್ಲಾ ನಕ್ಕಾರ. ಆಕಿ ಹಿಟ್ಟು ಬೀಸದ ಹಂಗ ತಿರುಗಿ ಬಂದಾಳ.”

“ಚಾಷ್ಟಿಗೆ ಬರದಿದ್ದು. ಹೆಸರು ಹಾಕಿದ್ದಿಲ್ಲ ನಾ.”

“ತೇರದಾಳ ಅಂತ ಹಾಕಿದ್ರಿ, ಅತ್ತಿ ಅಂತ ಹಾಕಿದ್ರಿ. ಊರಾಗ ಹುಳ ತಿನ್ನೂ ಗಿಡ ಇದ್ದದ್ದು ಒಂದ ಮನಿಯಾಗ. ಇನ್ನೇನ ಆಧಾರ್ ನಂಬರ್ ಹಾಕಬೇಕಿತ್ತೇನು?” ಶಿವವ್ವ ತಂಬಿಗೆಯನ್ನು ಮತ್ತೆ ಎತ್ತಿಕೊಂಡಳು. “ಮನಿ ಮಾತು ಊರಿಗೆ ಹಂಚಿದಾಕಿ ಸೊಸಿ ಅಂತ ಕೆಂಪವ್ವಕ್ಕ ತಿಳಕೊಂಡಾಳ. ಅಂದಿನಿಂದ ಆಕಿ ಜೋಡಿ ಮಾತ ಬಿಟ್ಟಾಳ. ಆ ಹುಡುಗಿ ತವರಿಗೆ ಹೊಕ್ಕೇನಿ ಅಂತ ಬಟ್ಟಿ ಕಟ್ಟಾಕತ್ತಾಳಂತ. ಉಣ್ರಿ ಇನ್ನ, ರೊಟ್ಟಿ ಆರತೈತಿ.”

ಮುರಗೆಪ್ಪ ಉಂಡ. ರೊಟ್ಟಿ ಆರಿಯೇ ಹೋಗಿತ್ತು. ತಾನು ಬರೆದದ್ದರಲ್ಲಿ ಸುಳ್ಳಿಲ್ಲವೆಂದು ಮೊದಲು ವಾದಿಸಿಕೊಂಡ. ಅವನಿಗೆ ತಿಳಿದಮಟ್ಟಿಗೆ ಸುಳ್ಳು ಇರಲೂ ಇಲ್ಲ. ಆದರೆ ಎರಡು ಹೆಂಗಸರ ನಡುವೆ ಒಂದು ಕುಂಡದ ನೆಪದಲ್ಲಿ ಹುಟ್ಟಿಕೊಂಡಿದ್ದ ಸಲುಗೆಯನ್ನು ಆ ನಿಜವೇ ಕಡಿದುಹಾಕಿತ್ತು. ಮರುದಿನ ಅಂಗಡಿಗೆ ಕದ ಹಾಕಿ, ತನ್ನಲ್ಲಿದ್ದ ನೊಣದ ಗಿಡಗಳಲ್ಲೇ ತುಂಬು ಬಾಯಿಗಳದ್ದೊಂದನ್ನು ಆರಿಸಿಕೊಂಡು ಬಸ್ಸು ಹತ್ತಿದ. ಬಸ್ಸು ಮಹಾಲಿಂಗಪುರ, ರಬಕವಿ, ಬನಹಟ್ಟಿಗಳನ್ನು ದಾಟಿ ಸಾಗುವಾಗ, ಮಗ್ಗಗಳ ಸದ್ದು ಕಿಟಕಿಯಲ್ಲಿ ಬಂದು ಹೋಗುವಾಗ, ಅವನು ಕ್ಷಮೆಯ ವಾಕ್ಯವನ್ನು ಹೆಣೆಯುತ್ತ ಬಂದ. ಹೆಣೆದದ್ದೆಲ್ಲ ಪಂಚನಾಮೆಯ ಭಾಷೆಯಲ್ಲೇ ಬರುತ್ತಿತ್ತು.

ತೇರದಾಳದ ಮನೆಯ ಕಟ್ಟೆಯ ಮೇಲೆ, ಹಣೆತುಂಬ ವಿಭೂತಿ ಧರಿಸಿದ ಕೆಂಪವ್ವ ಕಾಳು ಹಸನು ಮಾಡುತ್ತ ಕುಳಿತಿದ್ದಳು. ಅವನು ಚಪ್ಪಲಿ ಬಿಟ್ಟು ತನ್ನ ಹೆಸರು, ಊರು ಹೇಳಿದ. ಶೈಲಾ ಅವರ ಗಿಡದ ಗ್ರೂಪಿನವನು ಎಂದ.

“ಓಹೋ, ಪಂಚನಾಮಿ ಸಾಹೇಬ್ರು!” ಕೆಂಪವ್ವ ಮೊರವನ್ನು ಕೆಳಗಿಟ್ಟಳು. “ಬರ್ರಿ ಬರ್ರಿ. ಮೊದಲ ಆರೋಪಿ ನಾನ. ಬೇಡಿ ತಂದೀರೇನು?”

“ಇಲ್ರೀ ಯವ್ವಾ. ಗಿಡ ತಂದೀನ್ರಿ.”

“ಅದಕ್ಕೂ ನಾ ಏನ ಎರದು ಕೊಂದೇನೋ. ನಿಮ್ಮ ಗಿಡ ನಿಮಗ ಛಲೋ.”

ಒಳಬಾಗಿಲಲ್ಲಿ ಶೈಲಾ ಬಂದು ನಿಂತಳು. ಅವಳ ಹಿಂದೆ ಗೋಡೆಗೆ ಒರಗಿಸಿದ ಬಟ್ಟೆಯ ಗಂಟೊಂದು ಕಾಣುತ್ತಿತ್ತು. ಅತ್ತೆ ಸೊಸೆಯತ್ತ ನೋಡಲಿಲ್ಲ. ಸೊಸೆ ಅತ್ತೆಯತ್ತ ನೋಡಲಿಲ್ಲ. ನಡುವೆ ಗಿಡ ಹಿಡಿದು ನಿಂತ ಮುರಗೆಪ್ಪನಿಗೆ, ತನ್ನ ಕೈಯಲ್ಲಿದ್ದ ಹಲ್ಲಿನ ಬಾಯಿಗಳೆಲ್ಲ ತನ್ನವೇ ಎನ್ನಿಸತೊಡಗಿತು.

“ನನ್ನಿಂದ ತಪ್ಪಾಗೇತ್ರಿ,” ಎಂದ.

“ಏನ ತಪ್ಪು? ಆ ನೀರಿಗೆ ಗಿಡ ಸಾಯ್ತೈತಿ ಅಂದದ್ದು ಸುಳ್ಳೇನು?”

“ಖರೆ ಐತ್ರಿ.”

“ಖರೆ ಹೇಳಾಕ ಜಾತ್ರಿ ಕೂಡಸಬೇಕೇನು? ‘ಆ ನೀರು ಬ್ಯಾಡ್ರಿ’ ಅಂತ ಒಂದ ಮಾತು ಅಂದಿದ್ರ ನಾ ಬಿಡತಿದ್ದಿಲ್ಲೇನು? ನನಗೇನು ಗಿಡದ ಮ್ಯಾಲ ಹಗಿ ಇತ್ತೇನು?”

ಮುರಗೆಪ್ಪನೊಳಗಿನ ವಕೀಲ ಇನ್ನೂ ಸತ್ತಿರಲಿಲ್ಲ. “ಯವ್ವಾ, ದಿನಾ ಒಬ್ಬರು ಬರತಾರ್ರಿ. ಆಟಿಗಿ ಸಾಮಾನ ತಂದಂಗ ಗಿಡ ತರತಾರ, ಕೊಲ್ಲತಾರ, ಮತ್ತ ಅದನ್ನ ಕೇಳತಾರ. ಸಮಾಧಾನಲೇ ಹೇಳಿದ್ರ ಕಿವಿಗೆ ಹಾಕೊಳ್ಳೂದಿಲ್ಲ. ನಕ್ಕರ ನೆನಪಿರತೈತಿ.”

“ನೆನಪೇನೋ ಇರತೈತಿ ತಗೀರಿ,” ಎಂದಳು ಕೆಂಪವ್ವ. “ಗಿರಣಿ ಕಡೆ ಕಾಲ ಇಟ್ರ ಸಾಕು, ಆ ನಗಿ ಈಗೂ ನೆನಪಾಕ್ಕೈತಿ.”

ಶೈಲಾ ಮೆಲ್ಲಗೆ ಮಾತಾಡಿದಳು. “ಸರ್, ಒಂದ ಕೇಳ್ಲ್ಯಾ? ನೀವು ಪಂಚನಾಮಿ ಬರದ ಮ್ಯಾಲ ಗಿಡ ಕಿತ್ತು ತಿಪ್ಪಿಗೆ ಒಗದೆ. ಒಗಿಯೂ ಮುಂದ ಗಡ್ಡಿ ಮುರದಿತ್ತು. ಒಳಗ ಮೂಲಂಗಿ ಹಂಗ ಬೆಳ್ಳಗ, ಗಟ್ಟಿ ಇತ್ತು. ಸತ್ತ ಗಿಡದ ಗಡ್ಡಿ ಹಂಗ ಇರತೈತೇನ್ರಿ?”

ಎಲೆಗಳೆಲ್ಲ ಕಪ್ಪಾದರೂ ಗಡ್ಡೆ ಬೆಳ್ಳಗಿದ್ದರೆ ನೊಣದ ಗಿಡ ಮತ್ತೆ ಚಿಗುರುತ್ತದೆ. ಬಳಗದಲ್ಲಿ ಹೊಸಬರಿಗೆ ಮುರಗೆಪ್ಪ ಮೊದಲು ಹೇಳಿಕೊಡುತ್ತಿದ್ದ ಪಾಠವೇ ಅದು. ಪಂಚನಾಮೆಯ ಅವಸರದಲ್ಲಿ ಗಡ್ಡೆ ಹೇಗಿದೆಯೆಂದು ಅವನು ಕೇಳಿರಲೇ ಇಲ್ಲ.

“ಇಲ್ಲವಾ,” ಎಂದ. “ಅದು ಸತ್ತಿದ್ದಿಲ್ಲ.”

“ನಂಗೂ ಹಂಗ ಅನಸ್ತು. ಕೇಳೂಣಂದ್ರ, ಮತ್ತೇನ ಬರೀತೀರೋ ಅಂತ ಅಂಜಿದೆ.”

ಕೆಂಪವ್ವ ಮೊರದ ಕಾಳುಗಳ ಮೇಲೆ ಕೈಯಾಡಿಸಿದಳು. ಬಳಿಕ ತಲೆಯೆತ್ತದೆಯೇ ಕೇಳಿದಳು: “ಆಕಿ ನಿಮಗ ಏನಂತ ಬರದಿದ್ಲು? ಮುದುಕಿಗೆ ಬುದ್ಧಿಯಿಲ್ಲ, ಬೂದಿ ನೀರು ಹಾಕಿ ಗಿಡ ಕೊಂದ್ಲು ಅಂತೇನು?”

“ಹಂಗ ಬರದಿದ್ದಿಲ್ರಿ ಯವ್ವಾ. ‘ನಮ್ಮ ಅತ್ತಿಯವರ ಮನಸ್ಸು ಈಗ ಕರಗೇತಿ, ಅವರ ಮನಸ್ಸು ನೋಯದಂಗ ಆ ನೀರು ಹೆಂಗ ಬಿಡಸ್ಲಿ’ ಅಂತ ಬರದಿದ್ರು. ಅದನ್ನ ನಾ ಯಾರಿಗೂ ತೋರಿಸಲಿಲ್ಲ. ತೋರಿಸಿದ್ರ ಮಂದಿ ನಗತಿದ್ದಿಲ್ಲ.”

ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ತನ್ನ ಹಾಡುಗಳನ್ನು ಚೆಲ್ಲುತ್ತ ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಕೆಂಪವ್ವ ಬಾಗಿಲತ್ತ ತಿರುಗಿದಳು.

“ಚಾಕ್ಕ ಇಡ. ಇವರ ಕಪ್ಪಿಗೆ ಸಕ್ಕರಿ ಹಾಕಬ್ಯಾಡ. ಮೊದಲ ನಾಲಿಗಿ ಭಾಳ ಸಿಹಿ ಐತಿ.”

ಶೈಲಾ ಕದಲಲಿಲ್ಲ. “ನನಗಂದ್ರೇನು ಅತ್ತಿ?”

“ಮತ್ತ ಗೋಡಿಗೆ ಅಂದೆನೇನು? ಹೋಗು. ಆ ಗಂಟು ಹಾದ್ಯಾಗಿಂದ ತಗಿ, ಬಂದವರು ಎಡವತಾರ.”

ಸಕ್ಕರೆಯಿಲ್ಲದ ಆ ಚಹಾವನ್ನು ಮುರಗೆಪ್ಪ ತಳದವರೆಗೂ ಕುಡಿದ. ಏಳುವಾಗ ಗಿಡವನ್ನು ಕಟ್ಟೆಯ ಮೂಲೆಯಲ್ಲಿ ಇಡಲು ಹೋದರೆ ಕೆಂಪವ್ವ ಕೈ ಅಡ್ಡ ಹಿಡಿದಳು. “ಬ್ಯಾಡಂದ್ನೆಲ್ಲ. ಬೇಕಾದಾಗ ನಮ್ಮ ಸೊಸಿ ಕೇಳತಾಳ. ಆವಾಗ ಕೊಡ್ರಿ. ನಗಲಾರದ ಕೊಡ್ರಿ.”

ಹಿಂದಿರುಗುವ ಬಸ್ಸಿನಲ್ಲಿ ಗಿಡ ಅವನ ತೊಡೆಯ ಮೇಲೆಯೇ ಕುಳಿತಿತ್ತು. ಫೋನು ತೆಗೆದ. ಬಳಗದಲ್ಲಿ ಬೀಳಗಿಯ ಹಾಲೇಶ ಒಂದು ಚಿತ್ರ ಹಾಕಿದ್ದ. ಬೀಳಗಿಯ ಬಸ್ ನಿಲ್ದಾಣದ ಬಳಿ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟುಕೊಂಡ ಯುವಕ ಅವನು. ಸೇರಿದ್ದು ಮೊನ್ನೆ ಮೊನ್ನೆ. ಚಿತ್ರದಲ್ಲಿ ಬಾಡಿ ಬಾಗಿದ ಒಂದು ಇಬ್ಬನಿ ಗಿಡ. ಕೆಳಗೆ ಬರೆದಿದ್ದ: ‘ಸಾಹೇಬ್ರ, ಇದೂ ಸತ್ತೈತಿ. ಭಾನುವಾರದ ತನಕ ಯಾಕ ಕಾಯೂದು? ಪಂಚನಾಮಿ ಮಾಡಿ ಬಿಡ್ರಿ. ಆರೋಪಿ ನಾನ.’ ಪಂಚನಾಮೆ ಬರೆಯುವ ಮೊದಲೇ ಪಂಚರು ನೆರೆದಿದ್ದರು. ಹಳದಿ ಹೆಬ್ಬೆಟ್ಟುಗಳು ಒಂದರ ಮೇಲೊಂದು ಬಿದ್ದಿದ್ದವು.

ಮುರಗೆಪ್ಪ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದ. ಒಣಗಿದ ಎಲೆಗಳ ನಡುವೆ, ಬುಡದ ಹತ್ತಿರ, ಉಗುರಿನ ತುದಿಯಷ್ಟು ಹಸಿರು ಇತ್ತು. ಸುರುಳಿಯನ್ನು ಇನ್ನೂ ಬಿಚ್ಚಿರದ ಎಲೆ. ಬಳಗಕ್ಕೆ ಏನೂ ಬರೆಯದೆ ಹಾಲೇಶನ ನಂಬರಿಗೆ ಕರೆ ಹಚ್ಚಿದ.

“ಹಾಲೇಶಪ್ಪ, ನಾ ಮುರಗೆಪ್ಪ. ಗಿಡ ಸತ್ತಿಲ್ಲೋ. ನಡುವ ಹಸರ ಐತಿ, ನೋಡಿಲ್ಲೇನು?”

ಆ ಕಡೆಯಿಂದ ಒಂದು ಪೆಚ್ಚುನಗೆ ಕೇಳಿಸಿತು. “ನೋಡೀನ್ರಿ ಸಾಹೇಬ್ರ. ಜೀವ ಇರಬೇಕು ಅನಸಿತ್ತು ನನಗೂ.”

“ಮತ್ತ ಸತ್ತೈತಿ ಅಂತ ಯಾಕ ಹಾಕಿದಿ?”

ಹಾಲೇಶ ಹೇಳಿದ. “ಹೆಂಗ ಉಳಸೂದ್ರಿ ಅಂತ ಕೇಳಿದ್ರ ನೀವೆಲ್ಲ ನನ್ನ ನೋಡಿ ನಗತೀರಿ. ಸತ್ತೈತಿ ಅಂದ್ರ ನಿಮ್ಮ ಕೂಡ ನಾನೂ ನಗಬಹುದಲ್ರಿ.”

ಬಸ್ಸು ಬನಹಟ್ಟಿಯ ನಿಲ್ದಾಣದಲ್ಲಿ ನಿಂತು ಮತ್ತೆ ಹೊರಟಿತು.

“ಯಾರೂ ನಗೂದಿಲ್ಲ ತಮ್ಮಾ. ಗಿಡ ಎಲ್ಲಿಟ್ಟಿ ಈಗ?”

“ಒಗದೆನ್ರಿ. ಹಿತ್ತಲ ಕಸದಾಗ.”

“ಓಡು, ತಗೊಂಡ ಬಾ. ಬಿಸಲಿಗೆ ಬಿದ್ದರ ಖರೇನ ಹೋಗತೈತಿ. ಫೋನ್ ಇಡಬ್ಯಾಡ, ನಾ ಇರತೇನಿ.”

ಅತ್ತ ಕುರ್ಚಿ ಸರಿದ ಸದ್ದು, ಕದ ಬಡಿದ ಸದ್ದು, ಓಡುವ ಕಾಲುಗಳ ಸದ್ದು. ಇತ್ತ, ಅವನು ನೋಡದ ಪರದೆಯ ಮೇಲೆ, ಪಂಚರು ಪಂಚನಾಮೆ ಎಲ್ಲಿ, ಪಂಚನಾಮೆ ಎಲ್ಲಿ ಎಂದು ಒಂದೇ ಸಮ ಕೂಗುತ್ತಿದ್ದರು. ಮುರಗೆಪ್ಪ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

“ಸಿಕ್ಕಿತೇನೋ?”

“ತಡೀರಿ ಸಾಹೇಬ್ರ,” ಎಂದು ಏದುಸಿರಿನ ದನಿ. “ಕಸ ಸರಸಾಕತ್ತೇನಿ… ತಡೀರಿ… ಹಾಂ, ಇಲ್ಲೇ ಐತ್ರಿ. ಏನ ಮಾಡ್ಲಿ ಈಗ? ಹೇಳ್ರಿ.”

ಮುರಗೆಪ್ಪ ಹೇಳತೊಡಗಿದ.