ಯಾರೂ ಮುಟ್ಟದ ಹೆಸರು

ಕೊಟ್ಟೂರಿನ ನಮ್ಮ ಅಂಗಡಿಗೂ ಕಾಕಾ ಸೋಮಶೇಖರನ ಅಂಗಡಿಗೂ ನಡುವೆ ಒಂದೇ ಗೋಡೆ. ಗೋಡೆಯಲ್ಲಿ ಒಂದು ಬಾಗಿಲು. ಪಾಲಾದಾಗ ಅಪ್ಪನಿಗೊಂದು ಎಣ್ಣೆಗಾಣ, ಕಾಕಾನಿಗೊಂದು ಗಾಣ ಅಂತ ಹಂಚಿಕೊಂಡರೂ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ. ನಮ್ಮ ಚಹಾ ಆ ಕಡೆ ಹೋಗುತ್ತಿತ್ತು, ಅವರ ಚಿಲ್ಲರೆ ಈ ಕಡೆ ಬರುತ್ತಿತ್ತು. ಅಣ್ಣತಮ್ಮಂದಿರ ನಡುವೆ ಉಳಿದಿದ್ದ ಮಾತು ಅಷ್ಟೇ. ಅದೂ ನಿಂತರೆ ಮತ್ತೆ ಶುರುವಾಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಪಾಲಾಗದೆ ಉಳಿದದ್ದು ಅಜ್ಜನ ಹೆಸರು. ‘ಹಾಲಸ್ವಾಮಿ ಗಾಣದೆಣ್ಣೆ’ ಎಂಬ ಬೋರ್ಡನ್ನು ಯಾರೂ ಹಾಕಿಕೊಳ್ಳಬಾರದು ಎಂದು ಹಿರಿಯರು ತೀರ್ಮಾನ ಮಾಡಿದರು. ಒಟ್ಟಿಗಿದ್ದಾಗ ಅದೇ ಹೆಸರಿನಲ್ಲಿ ಒಂದು ವೆಬ್ ವಿಳಾಸವನ್ನೂ ಕಾದಿರಿಸಿದ್ದರು. ಅದರಲ್ಲಿ ಏನನ್ನೂ ಹಾಕಿರಲಿಲ್ಲ, ತೆರೆದರೆ ಬಿಳಿ ಪುಟ. ಅದೇನೆಂದು ಹಿರಿಯರಿಗೆ ಸರಿಯಾಗಿ ತಿಳಿಯಲಿಲ್ಲ. “ಖಾಲಿ ಐತಲ್ಲ, ಖಾಲಿನೇ ಇರ್ಲಿ ಬಿಡ್ರಿ. ಯಾರೂ ಮುಟ್ಟಬ್ಯಾಡ್ರಿ” ಎಂದರು. ಯಾರೂ ಮುಟ್ಟಲಿಲ್ಲ.

ಹೋದ ತಿಂಗಳು ತಂಬ್ರಹಳ್ಳಿಯ ಹುಲುಗಪ್ಪ ಬಂದು ಒಂದು ಎಣ್ಣೆ ಡಬ್ಬಿಯನ್ನು ಅಪ್ಪನ ಮುಂದೆ ಕುಕ್ಕಿದ.

“ಏನ್ರೀ ಕೊಟ್ರಸ್ವಾಮಿ, ಹಾಲಸ್ವಾಮ್ಯಾರ ಹೆಸರಿಗೆ ಮಸಿ ಬಳೀತೀರೇನು? ಮಿರ್ಚಿ ಕರದ್ರ ಮನಿ ತುಂಬ ಹೊಗಿ. ನಮ್ಮಾಕಿ ನನ್ನ ಹೊರಗ ಅಟ್ಟ್ಯಾಳ.”

“ಈ ಡಬ್ಬಿ ನಮ್ದಲ್ಲ.”

“ಫೋನಿನಾಗ ನೋಡಿ ತರ್ಸೀನಿ. ಊರು ಕೊಟ್ಟೂರು ಅಂತನೇ ಐತಿ, ನೋಡ್ರಿ.”

ನಾನು ಫೋನಿನಲ್ಲಿ ಆ ವೆಬ್ ವಿಳಾಸ ತೆರೆದು ನೋಡಿದೆ. ಬಿಳಿ ಪುಟ ಇರಲಿಲ್ಲ. ಅಜ್ಜನ ಹೆಸರು, ಹಳದಿ ಡಬ್ಬಿಗಳು, ‘ಈಗಲೇ ಕೊಳ್ಳಿ’ ಎಂಬ ಗುಂಡಿ. ಅಲ್ಲಿದ್ದ ನಂಬರಿಗೆ ಫೋನು ಮಾಡಿದರೆ ಯಾರೋ ಹಿಂದಿಯಲ್ಲಿ ಹಲೋ ಎಂದು, ಕೊಟ್ಟೂರು ಎಂದ ಕೂಡಲೇ ಕಟ್ ಮಾಡಿದರು.

ಅಪ್ಪ ಪುಟವನ್ನು ಪೂರ್ತಿ ನೋಡಲೂ ಇಲ್ಲ. ಬಾಗಿಲ ಕಡೆ ನೋಡಿದ.

ಅವತ್ತಿನಿಂದ ಕಾಕಾ ಮಾಡಿದ್ದೆಲ್ಲ ಅಪ್ಪನಿಗೆ ಸಾಕ್ಷಿಯಾಯಿತು. ಕಾಕಾ ಫೋನು ಹಿಡಿದು ಹೊರಗೆ ಹೋದರೆ ಆರ್ಡರ್ ಬಂದಿದೆ. ಅಂಗಡಿ ಮುಂದೆ ಆಟೋ ನಿಂತರೆ ಪಾರ್ಸಲ್ ಹೋಗುತ್ತಿದೆ. ನಕ್ಕರೆ ನಮ್ಮನ್ನು ನೋಡಿಯೇ ನಕ್ಕ. “ಯಾರನ್ನೋ ಮುಂದ ಬಿಟ್ಟು ಹಿಂದ ಕುಂತಾನ” ಎಂದು ಅಪ್ಪ ಅಮ್ಮನಿಗೆ ಪಿಸುಗುಟ್ಟಿದ. ಕೇಳಿ ಕೇಳಿ ನಾನೂ ಕಾಕಾನ ಆಟೋಗಳನ್ನು ಗಮನಿಸತೊಡಗಿದ್ದೆ. ವಿಚಿತ್ರವೆಂದರೆ ಆ ಡಬ್ಬಿ ಕಪಾಟಿನ ಮೇಲೆಯೇ ಇತ್ತು. ಹುಟ್ಟಿದಾಗಿನಿಂದ ಗಾಣದ ಮುಂದೆ ಕೂತ ಅಪ್ಪ ಅದರ ಮುಚ್ಚಳ ತೆಗೆದು ಒಮ್ಮೆಯೂ ಮೂಸಿ ನೋಡಿರಲಿಲ್ಲ.

ಸೋಮವಾರ ಅಪ್ಪ ಕರೆಸಿದ ಗೌಂಡಿ ಬೊಮ್ಮಯ್ಯ ಇಟ್ಟಿಗೆ ಇಳಿಸಿ, ಬಾಗಿಲಿನ ಹತ್ತಿರ ಸಿಮೆಂಟು ಕಲಸತೊಡಗಿದ. ಆ ಕಡೆ ಕಾಕಾನ ಗಾಣದ ಸದ್ದು ನಿಂತಿತು. ಕಾಕಾ ಬಂದು ಹೊಸ್ತಿಲಲ್ಲಿ ನಿಂತ, ದಾಟಲಿಲ್ಲ.

“ಏನಣ್ಣ ಇದು?”

“ನಿನ್ನ ವ್ಯಾಪಾರಕ್ಕ ಅಡ್ಡ ಬರಬಾರ್ದು ಅಂತ. ಅಪ್ಪನ ಹೆಸರು ಮಾರಾಕತ್ತೀಯಲ್ಲ.”

“ನಾನಾ? ನೀನ ಮಾಡ್ಸೀದಿ ಅಂತ ನಾ ತಿಳ್ಕಂಡೀನಿ! ಹಗರಿಬೊಮ್ಮನಹಳ್ಳ್ಯಾಗ ನನ್ನ ಕೇಳ್ತಾರ, ನಿಮ್ಮಣ್ಣ ಭಾರಿ ಬೆಳದಾನಂತಲ್ಲ ಅಂತ.”

ಗೌಂಡಿ ಕರಣೆ ಹಿಡಿದು ಇಬ್ಬರನ್ನೂ ನೋಡಿದ. ನಾನು ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಅಪ್ಪನ ಅಂಗೈಗೆ ಒಂದಿಷ್ಟು ಎಣ್ಣೆ ಸುರಿದೆ.

“ಅಪ್ಪಾ, ಇದು ಕಾಕಾನ ಎಣ್ಣಿ ಹೌದೋ ಅಲ್ಲೋ, ನೀನ ಹೇಳು.”

ಅಪ್ಪ ತಿಕ್ಕಿ ಮೂಸಿದ. ಮುಖ ಕಿವುಚಿದ. ಆಮೇಲೆ ಆ ಕೈಯನ್ನು ಕಾಕಾನ ಮುಂದೆ ಚಾಚಿದ. ಕಾಕಾ ಬಗ್ಗಿ ಮೂಸಿದ.

“ಇದರಾಗ ಶೇಂಗಾದ ವಾಸ್ನೀನ ಇಲ್ಲ” ಎಂದ ಕಾಕಾ.

“ಇಂಥಾದ್ದು ನೀ ಮಾಡಂಗಿಲ್ಲ” ಎಂದ ಅಪ್ಪ, ಯಾರಿಗೂ ಅಲ್ಲವೆಂಬಂತೆ.

ಅಷ್ಟಕ್ಕೇ ಮುಗಿಯಬಹುದಿತ್ತು. ನಾನೇ ಕೇಳಿದೆ: “ಆ ವೆಬ್ ವಿಳಾಸಕ್ಕ ಈ ವರ್ಷದ ರೊಕ್ಕ ಯಾರು ಕಟ್ಟೀರಿ?”

ಕಾಕಾ ಹೊಸ್ತಿಲಿಗೆ ಸಿಡಿದಿದ್ದ ಸಿಮೆಂಟನ್ನು ಕಾಲಿನಿಂದ ಕೆರೆದ.

“ಅವಧಿ ಮುಗೀತೈತಿ, ಕಟ್ರಿ ಅಂತ ನನ್ನ ಫೋನಿಗೆ ಬಂದಿತ್ತು” ಎಂದ ಕಾಕಾ ಕೊನೆಗೆ.

“ನನಗೂ ಬಂದಿತ್ತು.”

“ಮತ್ತ ಯಾಕ ಕಟ್ಟಲಿಲ್ಲಣ್ಣ?”

“ಕಟ್ಟಿದ್ರ, ಅಣ್ಣ ಹೆಸರು ಹೊಡ್ಕಂಡ ಅಂತ ಊರೆಲ್ಲ ಸಾರತಿದ್ದಿ. ನೀ ಯಾಕ ಕಟ್ಟಲಿಲ್ಲ?”

“ನಾನೂ ಅದಕ್ಕ.”

ಖಾಲಿ ಬಿಟ್ಟ ಜಾಗದಲ್ಲಿ ಮೂರನೆಯವನು ಬಂದು ಕೂತದ್ದು ಹಾಗೆ. ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಕೊಳ್ಳಬಹುದಂತೆ. ಯಾರೋ ಕೊಂಡಿದ್ದರು. ಅಜ್ಜ ಊರೂರು ತಿರುಗಿ ಗಳಿಸಿದ ನಂಬಿಕೆ ಅವರಿಗೆ ಪುಕ್ಕಟೆಯಾಗಿ ಸಿಕ್ಕಿತ್ತು.

“ಸಿಮೆಂಟು ಗಟ್ಟಿ ಆಗಾಕತ್ತೈತಿ, ಕಟ್ಲೋ ಬ್ಯಾಡೋ ಹೇಳ್ರಪ್ಪ” ಎಂದ ಬೊಮ್ಮಯ್ಯ.

ಅಪ್ಪ ಕೈ ಒರೆಸಿಕೊಂಡ. “ಇವತ್ತು ಬ್ಯಾಡ.”

“ಮತ್ತ ಇಟ್ಟಿಗಿ?”

ಅಪ್ಪ ಕಾಕಾನ ಮುಖ ನೋಡಿದ. ಕಾಕಾ ನನ್ನನ್ನು ನೋಡಿದ.

“ಇಟ್ಟಿಗಿ ಅಲ್ಲೇ ಇರ್ಲಿ” ಎಂದ ಅಪ್ಪ.

ಮರುದಿನ ಪೊಲೀಸರಿಗೆ ದೂರು ಕೊಟ್ಟರು. ಬೆಳಿಗ್ಗೆ ಅಪ್ಪ ಒಬ್ಬನೇ ಹೋಗಿ ಕೊಟ್ಟ, ಮಧ್ಯಾಹ್ನ ಕಾಕಾ ಒಬ್ಬನೇ ಹೋಗಿ ಕೊಟ್ಟ. ಹೆಸರು ನಿಮ್ಮಿಬ್ಬರಲ್ಲಿ ಯಾರದ್ದು ಎಂದು ಠಾಣೆಯಿಂದ ಕೇಳಿದ್ದಾರೆ. ಇಬ್ಬರೂ ಇನ್ನೂ ಉತ್ತರ ಕೊಟ್ಟಿಲ್ಲ. ಆ ಪುಟ ಇನ್ನೂ ಎಣ್ಣೆ ಮಾರುತ್ತಿದೆ.

ನಾನು ದಿನವೂ ಇಟ್ಟಿಗೆ ದಾಟಿ ಆ ಕಡೆಗೆ ಚಹಾ ಕೊಟ್ಟು ಬರುತ್ತೇನೆ. ನಾನು ಹೋಗಿ ಬರುವವರೆಗೆ ಅಪ್ಪ ಬಾಗಿಲನ್ನೇ ನೋಡುತ್ತಿರುತ್ತಾನೆ.