ಎಳೆಯಾಗದ ಚಿನ್ನ

ನದಿದಂಡೆಯ ಮೊಂಪೊಸ್ ಊರಿನ ಅಕ್ಕಸಾಲಿಗರಲ್ಲಿ ಎನೈದಾಳ ಕೈಗೆ ಸಾಟಿಯಿರಲಿಲ್ಲ. ಚಿನ್ನವನ್ನು ಕೂದಲೆಳೆಯಷ್ಟು ತೆಳುವಾಗಿ ಎಳೆದು, ಎರಡೆರಡು ಹೊಸೆದು, ಹೂವು ಬಳ್ಳಿ ಮಾಡಿ ಕೂರಿಸಿದಳೆಂದರೆ ನೋಡಿದವರು ಬಂದ ಕೆಲಸವನ್ನೇ ಮರೆಯುತ್ತಿದ್ದರು. ಸುಳ್ಳೇಕೆ, ಆ ಕೈಗೆ ಜಂಬವೂ ಇತ್ತು. "ಆಗಲ್ಲ" ಅನ್ನುವ ಮಾತು ಅವಳ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ತೊಮಾಸಾ ಬಂದಾಗಲೂ ಬರಲಿಲ್ಲ. ಮಗಳು ನೂರಿಸ್‌ಳನ್ನು ಮಣ್ಣು ಮಾಡಿದ ದಿನ ತನ್ನ ಓಲೆ ಬಿಚ್ಚಿಟ್ಟ ಮುದುಕಿ ಅವಳು. ಅಂದಿನಿಂದ ಬೋಳು ಕಿವಿ. ಈಗ ಆ ಮಗಳ ಮಗಳು ಮೈರಾಗೆ ಹದಿನೈದು ತುಂಬುವ ಹಬ್ಬ. ನೂರಿಸ್‌ಳ ಹದಿನೈದಕ್ಕೆ ಎನೈದಾಳೇ ಮಾಡಿಕೊಟ್ಟಿದ್ದ ಜೊತೆಯಲ್ಲಿ ಒಂದು ಓಲೆ ನದಿಪಾಲಾಗಿ, ಇನ್ನೊಂದು ಉಳಿದಿತ್ತು. ಅದನ್ನು ಕರಗಿಸಿ ಹುಡುಗಿಗೆ ಓಲೆ ಮಾಡಬೇಕಿತ್ತು.

"ಹೊರಗಿನ ಚಿನ್ನ ಚೂರೂ ಬೆರೆಸ್ಬೇಡ ಕಣೇ. ಮಗು ಕಿವೀಲಿ ಅವಳಮ್ಮ ಇರ್ಬೇಕು, ಊರೋರಲ್ಲ."

"ಆಯ್ತು ಬಿಡಕ್ಕಾ. ಹಗುರವಾಗಿ ಒಂದು ಜೊತೆ ಎಳೀತೀನಿ."

ಎನೈದಾ ಎಡವಿದ್ದು ಇಲ್ಲೇ. ಎಳೆ ಕೂಡಿಸಿ ಮಾಡಿದ ಒಡವೆಗೆ ಮೈಯೆಲ್ಲ ಬೆಸುಗೆ. ಕರಗಿಸಿದರೆ ಬೆಸುಗೆಯೂ ಚಿನ್ನದೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಶುದ್ಧಿ ಮಾಡಲು ಪಟ್ಟಣಕ್ಕೆ ಕಳಿಸೋಣವೆಂದರೆ ಅಲ್ಲಿ ಎಲ್ಲರ ಚಿನ್ನವೂ ಒಂದೇ ಮೂಸೆಗೆ ಬೀಳುತ್ತದೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಆದರೂ ತನ್ನ ಕೈಯನ್ನೇ ನಂಬಿ ಕರಗಿಸಿದಳು.

ಗಟ್ಟಿಯನ್ನು ಬಡಿದು ಸರಳು ಮಾಡಿ, ಸಾಲು ತೂತುಗಳ ಉಕ್ಕಿನ ಅಚ್ಚಿಗೆ ತೂರಿಸಿ, ಇಕ್ಕಳದಿಂದ ಎಳೆದಳು. ದೊಡ್ಡ ತೂತುಗಳನ್ನು ದಾಟಿತು. ಸಣ್ಣದಕ್ಕೆ ಬಂದಾಗ ಪಟ್ಟನೆ ತುಂಡಾಯಿತು. ಕಾಯಿಸಿ ಮೆದು ಮಾಡಿ ಮತ್ತೆ ಎಳೆದರೆ ಮತ್ತೆ ತುಂಡು. ಸತ್ತವಳದೆಂದು ಉಳಿದಿದ್ದ ಒಂದೇ ಓಲೆಯನ್ನು ತಾನೇ ಹಾಳು ಮಾಡಿದ್ದಳು.

ಡಬ್ಬಿಯಲ್ಲಿ ಅವಳದೇ ಒಳ್ಳೆಯ ಚಿನ್ನವಿತ್ತು. ಅದರಲ್ಲಿ ಮಾಡಿಕೊಟ್ಟರೆ ಯಾರ ಕಣ್ಣಿಗೂ ಗೊತ್ತಾಗುತ್ತಿರಲಿಲ್ಲ. ಡಬ್ಬಿ ತೆರೆದಳು, ಮುಚ್ಚಿದಳು. ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ತೊಮಾಸಾಳ ಮನೆಗೆ ನಡೆದಳು. ಅವಳು ಮಾಡಿದ ಒಡವೆಗಳೆಲ್ಲ ಒಂದು ತೂಕವಾದರೆ ಆ ನಡಿಗೆಯದೇ ಇನ್ನೊಂದು ತೂಕ.

ತೊಮಾಸಾ ಬಾಗಿಲಾಚೆ ತೂಗುಕುರ್ಚಿಯಲ್ಲಿ ಕೂತಿದ್ದಳು. ಎಲ್ಲ ಕೇಳಿ ಕುರ್ಚಿ ನಿಲ್ಲಿಸಿದಳು.

"ಗೊತ್ತಿತ್ತಲ್ಲ, ಆಗ ಬಾಯಲ್ಲೇನು ಬಾಳೆಹಣ್ಣು ತುಂಬ್ಕೊಂಡಿದ್ದ್ಯಾ?"

"ಜಂಬ ಅಕ್ಕಾ. ತಪ್ಪು ನಂದೇ."

ಮುದುಕಿ ತುಂಡುಗಳನ್ನು ಅಂಗೈಯಲ್ಲಿ ಹರಡಿಕೊಂಡು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿತು. ಆಮೇಲೆ, ಯಾಕೋ, ನಕ್ಕಳು.

"ಬದುಕಿದ್ದಾಗ್ಲೂ ಹಿಂಗೇ ಕಣೇ ಇವಳು. ಎಳೆದಾಡಿದ್ರೆ ಬರ್ತಾನೇ ಇರ್ಲಿಲ್ಲ. ಅವಳ ಪಾಡಿಗೆ ಬಿಟ್ರೆ ತಾನೇ ಬಂದು ಮಡಿಲಲ್ಲಿ ಉಂಡೆಯಾಗಿ ಮಲಗೋಳು."

ಎನೈದಾ ತಲೆಯೆತ್ತಿದಳು. ಇದ್ದಿಲ ಮೇಲೆ ಚಿನ್ನದ ಚೂರಿಟ್ಟು ಉರಿ ಊದಿದರೆ ಅದು ತಾನಾಗಿ ಗುಂಡಗಾಗುತ್ತದೆ. ಅದಕ್ಕೆ ಬೆಸುಗೆ ಅಡ್ಡಿಯಿಲ್ಲ.

"ಅಕ್ಕಾ, ಹೂವಿನ ನಡುವಿನ ಗುಂಡುಗಳೆಲ್ಲ ನೂರಿಸೇ ಆಗ್ಲಿ. ಆದ್ರೆ ದಳಕ್ಕೆ ಎಳೆ ಬೇಕು. ಬೇರೆ ಚಿನ್ನ ಬೇಕೇ ಬೇಕು."

ತೊಮಾಸಾ ಒಳಗೆ ಹೋಗಿ, ಬೆರಳಿಗೆ ಸೋಪು ಹಚ್ಚಿಕೊಂಡು, ಬೆಸುಗೆ ಕಾಣದ ಎರಕದ ಮದುವೆ ಉಂಗುರವನ್ನು ಕಿತ್ತು ತಂದಳು. "ಇದು ಊರೋರದ್ದಲ್ಲ, ನೂರಿಸ್ ಅಪ್ಪಂದು. ಬದುಕಿದ್ದಾಗ ಯಾವ ಕೆಲ್ಸಕ್ಕೂ ಬರ್ಲಿಲ್ಲ, ಈಗಾದ್ರೂ ಬರ್ಲಿ."

ಅಪ್ಪನ ಉಂಗುರ ಸಲೀಸಾಗಿ ಎಳೆಯಾಯಿತು. ಮಗಳ ಚೂರುಗಳು ಉರಿಯಲ್ಲಿ ಒಂದೊಂದಾಗಿ ಗುಂಡಗಾದವು. ಎನೈದಾ ಅಷ್ಟು ಚೆಂದದ ಕೆಲಸವನ್ನು ಹಿಂದೆ ಮಾಡಿರಲಿಲ್ಲ.

ಹಬ್ಬದ ಬೆಳಗ್ಗೆ ಮೈರಾ ಓಲೆ ಹಾಕಿಕೊಂಡು ನಡುವಿನ ಗುಂಡುಗಳನ್ನು ಮುಟ್ಟಿದಳು.

"ಇದು ಅಮ್ಮನಾ?"

"ಹೂಂ, ಪುಟ್ಟಾ," ಎಂದಳು ತೊಮಾಸಾ.

ಹುಡುಗಿ ಬೆರಳು ತೆಗೆಯಲಿಲ್ಲ.

"ಒಂದು ಗುಂಡು ಉಳೀತು, ಅಕ್ಕಾ," ಎಂದು ಎನೈದಾ ಅಂಗೈ ಚಾಚಿದಳು.

ತೊಮಾಸಾ ಅದನ್ನು ನೋಡಿದಳು. ನೆರೆತ ಕೂದಲನ್ನು ಪಕ್ಕಕ್ಕೆ ಸರಿಸಿ ಕಿವಿ ತಿರುಗಿಸಿದಳು.

"ತೂತು ಮುಚ್ಚೋಗಿದ್ಯೇನೋ ನೋಡೇ," ಎಂದಳು. "ಮುಚ್ಚಿದ್ರೆ ಮತ್ತೆ ಚುಚ್ಚು."